ಎಥೆನಾಲ್‌ಗೆ ಯಾವ ಬೆಳೆ? ನಾಲಿಗೆಯನ್ನು ಕೇಳಬೇಡಿ

ಪ್ರಶ್ನೆ: ವಾಹನದ ಇಂಧನಕ್ಕೆ ಎಥೆನಾಲ್ ತೆಗೆಯಬೇಕಾದರೆ ಅತಿ ಸಿಹಿಯಾದ ಬೆಳೆಯನ್ನೇ ಆರಿಸಬೇಕಲ್ಲವೇ? ಹಣ್ಣುಗಳಾದರೆ ಹೇಗೆ?

ಅಲ್ಲ. ಎಷ್ಟು ಸಲ ಉತ್ತರಿಸಿದರೂ ಇದೇ ಪ್ರಶ್ನೆ ಬೇರೊಂದು ಹಣ್ಣಿನ ಹೆಸರು ಹೊತ್ತು ಮತ್ತೆ ಬರುತ್ತದೆ. ಹಾಗಾಗಿ ಈ ಬಾರಿ ಲೆಕ್ಕ ಬಿಡಿಸಿಯೇ ಹೇಳುತ್ತೇನೆ.

ಒಂದು ಕಿಲೋ ಗ್ಲೂಕೋಸ್ ಪೂರ್ತಿ ಹುದುಗಿದರೆ ಹೆಚ್ಚೆಂದರೆ 0.65 ಲೀಟರ್ ಎಥೆನಾಲ್. ಒಂದು ಕಿಲೋ ಪಿಷ್ಟಕ್ಕೆ 0.72 ಲೀಟರ್, ಏಕೆಂದರೆ ಪಿಷ್ಟ ಒಡೆಯುವಾಗ ನೀರು ಸೇರಿಕೊಂಡು 1.11 ಕಿಲೋ ಗ್ಲೂಕೋಸ್ ಆಗುತ್ತದೆ. ಕೈಗೆ ಸಿಗುವುದು ಇದರ ಶೇ. 85-90 ಎಂದಿಟ್ಟುಕೊಳ್ಳಿ.

ಈಗ ಕಲ್ಲಂಗಡಿ ನೋಡಿ. ಬಾಯಿಗೆ ಎಷ್ಟೇ ಸಿಹಿಯಿದ್ದರೂ ಸಕ್ಕರೆ ಶೇ. 7ರ ಆಸುಪಾಸು, ಉಳಿದದ್ದು ಬಹುಪಾಲು ನೀರು. ತಿರುಳನ್ನೇ ತೂಗಿದರೂ ಟನ್ನಿಗೆ ಸುಮಾರು 40 ಲೀಟರ್. ಒಣ ಮೆಕ್ಕೆಜೋಳ ಸಪ್ಪೆ. ಆದರೆ ಅದರಲ್ಲಿ ಮೂರನೇ ಎರಡು ಭಾಗ ಪಿಷ್ಟ, ಟನ್ನಿಗೆ 380-400 ಲೀಟರ್. ಹಸಿ ಮರಗೆಣಸಿಗೂ 150-180 ಲೀಟರ್ ಬರುತ್ತದೆ. ಕಲ್ಲಂಗಡಿಯ ನಷ್ಟ ಅಲ್ಲಿಗೇ ಮುಗಿಯುವುದಿಲ್ಲ: ಹುದುಗಿದ ರಸದಲ್ಲಿ ಆಲ್ಕೋಹಾಲ್ ಶೇ. 4 ಮಾತ್ರ ಇರುವುದರಿಂದ, ಬಟ್ಟಿ ಇಳಿಸುವಾಗ ಉಳಿದ ನೀರನ್ನೆಲ್ಲ ಸುಮ್ಮನೆ ಕಾಯಿಸಬೇಕು. ಶೇ. 10 ಇದ್ದರೆ ಲೀಟರಿಗೆ ತಗಲುವ ಸೌದೆ ಎಷ್ಟೋ ಕಡಿಮೆ.

ರಸದ ಸಿಹಿ ಅಳೆಯಲು ಬಳಸುವ ಬ್ರಿಕ್ಸ್ ಮೀಟರ್ ಹಿಡಿದು ವಾದಿಸುವವರಿಗೂ ಒಂದು ಮಾತು. ಅದು ರಸದಲ್ಲಿ ಕರಗಿದ ಎಲ್ಲವನ್ನೂ ತೂಕದ ಶೇಕಡಾವಾರು ಲೆಕ್ಕದಲ್ಲಿ ಎಣಿಸುತ್ತದೆ. ಲವಣ, ಆಮ್ಲಗಳೂ ಅದರಲ್ಲಿ ಸೇರಿರುತ್ತವೆ. ರಸವನ್ನು ಕುದಿಸಿ 30 ಬ್ರಿಕ್ಸ್‌ಗೆ ಏರಿಸಿದರೆ ಯೀಸ್ಟ್ ಸಕ್ಕರೆಯ ಒತ್ತಡಕ್ಕೇ ಸೊರಗಿ ಅರ್ಧದಲ್ಲಿ ನಿಲ್ಲಬಹುದು. 16-20 ಸಾಕು.

ಹಾಗಿದ್ದರೆ ಕಬ್ಬು ಗೆದ್ದದ್ದು ಹೇಗೆ? ಟನ್ನಿಗೆ 70 ಲೀಟರ್ ಅಷ್ಟೇ, ಆದರೆ ಹೆಕ್ಟೇರಿಗೆ 70 ಟನ್ ಬಂದರೆ 4,900 ಲೀಟರ್. 6 ಟನ್ ಮೆಕ್ಕೆಜೋಳದಿಂದ 2,400 ಮೀರುವುದು ಕಷ್ಟ. ಮೇಲಾಗಿ ಕಬ್ಬಿನ ಸಿಪ್ಪೆಯೇ ಬಾಯ್ಲರಿಗೆ ಸೌದೆ. ಗೆಲ್ಲಿಸಿದ್ದು ಸಿಹಿಯಲ್ಲ, ಹೆಕ್ಟೇರಿಗೆ ಸಿಗುವ ಜಲ್ಲೆಯ ರಾಶಿ. ಬದಲಿಗೆ ನೀರು ಧಾರಾಳ ಬೇಕು, ಸುಮಾರು ಒಂದು ವರ್ಷ ಹೊಲ ಬಿಟ್ಟುಕೊಡಬೇಕು, ಕಡಿದ ಒಂದೆರಡು ದಿನದಲ್ಲಿ ಅರೆಯಬೇಕು. ತಡವಾದರೆ ಬ್ಯಾಕ್ಟೀರಿಯಾ ಸಕ್ಕರೆ ತಿಂದು ರಸ ಹುಳಿಯಾಗುತ್ತದೆ. ಸಿಹಿ ದಂಟಿನ ಜೋಳ ಕಡಿಮೆ ನೀರಿಗೆ, ನಾಲ್ಕು ತಿಂಗಳೊಳಗೆ ಬಂದರೂ ಇದೇ ಅವಸರ ಅದಕ್ಕೂ ಇದೆ. ಕಾಳಾದರೆ ತೇವ ಶೇ. 13ಕ್ಕೆ ಇಳಿಸಿ ಚೀಲ ಕಟ್ಟಿಟ್ಟು ವರ್ಷವಿಡೀ ಬಳಸಬಹುದು. ನೀರು ಕಡಿಮೆ, ಗಾಣ ದೂರ ಎಂದಾದರೆ ಕಾಳು ಅಥವಾ ಒಣಗಿಸಿಟ್ಟ ಮರಗೆಣಸು. ನೀರು, ಗಾಣ ಎರಡೂ ಕೈಯಳತೆಯಲ್ಲಿದ್ದರೆ ಮಾತ್ರ ಕಬ್ಬು.

ಪಿಷ್ಟದ ಬೆಳೆ ಆರಿಸಿದವರು ಎಡವುವುದು ಒಂದೇ ಕಡೆ: ಹಿಟ್ಟಿಗೆ ನೇರವಾಗಿ ಯೀಸ್ಟ್ ಸುರಿಯುತ್ತಾರೆ. ಯೀಸ್ಟ್ ಪಿಷ್ಟ ತಿನ್ನುವುದಿಲ್ಲ. ಹಿಟ್ಟಿನ ಮೂರರಷ್ಟು ನೀರು ಸೇರಿಸಿ, 85-90 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಷ್ಟವನ್ನು ತುಂಡರಿಸುವ ಕಿಣ್ವ ಆಲ್ಫಾ ಅಮೈಲೇಸ್ ಹಾಕಿ ತೆಳುವಾಗಿಸಿ. 60 ಡಿಗ್ರಿಗೆ ತಣಿದ ಮೇಲೆ ಪಿಎಚ್ 4.5ಕ್ಕೆ ತಂದು, ಆ ತುಂಡುಗಳನ್ನು ಗ್ಲೂಕೋಸ್ ಮಾಡುವ ಕಿಣ್ವ ಗ್ಲೂಕೋಅಮೈಲೇಸ್ ಹಾಕಿ. ಒಂದು ಹನಿ ತೆಗೆದು ಅಯೋಡಿನ್ ಬಿಡಿ. ನೀಲಿ-ಕಪ್ಪಾದರೆ ಪಿಷ್ಟ ಇನ್ನೂ ಉಳಿದಿದೆ, ಕಾಯಿರಿ. ಯೀಸ್ಟ್ ಹಾಕುವುದು 32 ಡಿಗ್ರಿಗೆ ಇಳಿದ ಮೇಲೆಯೇ. ಬಟ್ಟಿಗೆ ಪರವಾನಗಿ ಬೇಕೆಂದು ಬೇರೆ ಹೇಳಬೇಕಿಲ್ಲ ತಾನೇ?

ಯಾರೂ ಕೇಳದ, ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ: ಬಟ್ಟಿಯ ತಳದಲ್ಲಿ ಉಳಿಯುವ ನೀರನ್ನು ಎಲ್ಲಿ ಸುರಿಯುತ್ತೀರಿ? ಲೀಟರ್ ಎಥೆನಾಲ್‌ಗೆ ಅದು ಸುಲಭವಾಗಿ 10 ಲೀಟರ್ ಮೀರುತ್ತದೆ. ಹಳ್ಳಕ್ಕೆ ಬಿಟ್ಟರೆ ನೀರಿನ ಆಮ್ಲಜನಕ ಬರಿದಾಗಿ ಮೀನು ಸಾಯುತ್ತವೆ. ಕಾಳಿನದಾದರೆ ಹಿಂಡಿ ಒಣಗಿಸಿ, ಟನ್ ಕಾಳಿಗೆ ಸುಮಾರು 300 ಕಿಲೋ ಪ್ರೋಟೀನ್ ತುಂಬಿದ ಪಶು ಆಹಾರ ಸಿಗುತ್ತದೆ. ಕಬ್ಬಿನದರಲ್ಲಿ ಪೊಟ್ಯಾಶ್ ಹೆಚ್ಚು. ತೆಳುಮಾಡಿ ಹೊಲಕ್ಕೇ ಹಾಯಿಸಬಹುದು, ಆದರೆ ಒಂದೇ ತಾಕಿಗೆ ಮೇಲಿಂದ ಮೇಲೆ ಬಿಟ್ಟರೆ ಮಣ್ಣಲ್ಲಿ ಉಪ್ಪು ಕೂಡುತ್ತದೆ.