ಮೊದಲು ಹೆದರಿಸಿದ ಕಾಮಿಕ್ಸ್ ಯಾವುದು?

ಬೆಳದಿಂಗಳ ರಾತ್ರಿ. ಹಾಳುಬಿದ್ದ ಕಟ್ಟಡ. ಕೆಂಪು ಗೌನ್ ತೊಟ್ಟ ಹೆಂಗಸಿನ ಕೈಗೆ ಹಗ್ಗ ಬಿಗಿದಿದೆ. ಚಾಕು ಹಿಡಿದ ಪಿಶಾಚಿಯೊಂದು ಅವಳತ್ತ ಬರುತ್ತಿದೆ. ಬೆಲೆ 10 ಸೆಂಟ್.

ಇದು ಅಮೆರಿಕದ ಏವನ್ ಸಂಸ್ಥೆ 1947ರ ಜನವರಿ ತಾರೀಕಿನಲ್ಲಿ ತಂದ 'ಈರೀ ಕಾಮಿಕ್ಸ್' ಮೊದಲ ಸಂಚಿಕೆಯ ಮುಖಪುಟ. ಹಳೇ ಅಮೆರಿಕನ್ ಕಾಮಿಕ್ಸ್ ಕೂಡಿಡುವವರನ್ನು ಹಾರರ್ ಶುರುವಾಗಿದ್ದು ಎಲ್ಲಿಂದ ಅಂತ ಕೇಳಿ ನೋಡಿ. ಈ ಪುಸ್ತಕದ ಹೆಸರು ಬಂದೇ ಬರುತ್ತದೆ. ಮಾತು ಮುಗಿಯುವ ಮೊದಲೇ ಇನ್ನೊಬ್ಬರು ತಡೆಯುತ್ತಾರೆ. 1943ರದ್ದು ಒಂದಿದೆ ಅನ್ನುತ್ತಾರೆ. ಮತ್ತೊಬ್ಬರು 1940 ಅನ್ನುತ್ತಾರೆ. ಮೂಲೆಯಲ್ಲಿ ಸುಮ್ಮನೆ ಕೂತಿದ್ದವರು 1935 ಅಂತ ಎದ್ದು ನಿಲ್ಲುತ್ತಾರೆ.

ಇದು ಬರೀ ತಾರೀಕಿನ ಜಗಳ ಅಲ್ಲ. 'ಮೊದಲನೆಯದು' ಎಂಬ ಮಾತು ಅಂಟಿಕೊಂಡರೆ ಪುಸ್ತಕದ ಬೆಲೆ ಏರುತ್ತದೆ, ಅದು ನಿಜ. ಆದರೆ ಯಾವ ಚಿತ್ರಗಾರನ ಹೆಸರು ಉಳಿಯಬೇಕು, ಯಾರದು ಮರೆತುಹೋಗಬೇಕು ಎಂಬುದೂ ಇದರಲ್ಲೇ ತೀರ್ಮಾನ ಆಗುತ್ತದೆ. ಹಾಗಾಗಿ ಈ ವಾದವನ್ನು ಬುಡದಿಂದ ನೋಡುವುದು ಒಳ್ಳೆಯದು.

1935ರಿಂದಲೇ ಶುರು ಮಾಡೋಣ. ಆ ವರ್ಷದ ಅಕ್ಟೋಬರ್ ತಾರೀಕಿನ 'ನ್ಯೂ ಫನ್' 6ನೇ ಸಂಚಿಕೆಯಲ್ಲಿ ಡಾಕ್ಟರ್ ಆಕಲ್ಟ್ ಎಂಬ ಪತ್ತೇದಾರ ಬಂದ. ದೆವ್ವ, ಮಾಟ, ಮಂತ್ರದ ಕೇಸುಗಳೇ ಅವನ ಕಸುಬು. ಶುರುವಿನಲ್ಲೇ ರಕ್ತ ಹೀರುವ ವ್ಯಾಂಪೈರ್ ಅವನಿಗೆ ಎದುರಾಯಿತು. ಬರೆದವರು ಜೆರ್ರಿ ಸೀಗಲ್, ಚಿತ್ರ ಬಿಡಿಸಿದವರು ಜೋ ಶುಸ್ಟರ್. 1938ರಲ್ಲಿ ಸೂಪರ್‌ಮ್ಯಾನ್ ಕೊಟ್ಟದ್ದು ಇದೇ ಜೋಡಿ. ಇಷ್ಟು ಸಾಕಲ್ವಾ ಅನ್ನುತ್ತಾರೆ 1935ರ ಪರ ಇರುವವರು. ವ್ಯಾಂಪೈರ್ ಇದೆ, ಕತ್ತಲಿದೆ, ಇನ್ನೇನು ಬೇಕು?

ನನಗೆ ಈ ವಾದ ಒಪ್ಪಿಗೆಯಾಗುವುದಿಲ್ಲ. ಅಲ್ಲಿ ಓದುಗನಿಗೂ ದೆವ್ವಕ್ಕೂ ನಡುವೆ ಒಬ್ಬ ಹೀರೋ ನಿಂತಿದ್ದಾನೆ. ಅವನು ಗೆಲ್ಲುತ್ತಾನೆ ಅಂತ ಮಗುವಿಗೂ ಗೊತ್ತು. 1939ರಲ್ಲಿ ಬ್ಯಾಟ್‌ಮ್ಯಾನ್ ಮಾಂಕ್ ಎಂಬ ವ್ಯಾಂಪೈರ್‌ನನ್ನು ಎದುರಿಸಿದ್ದೂ ಹೀಗೇ. ದೆವ್ವ ಬಂದ ಮಾತ್ರಕ್ಕೆ ಅದು ದೆವ್ವದ ಕಥೆ ಆಗುವುದಿಲ್ಲ.

ಇನ್ನು 1940. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

'ಪ್ರೈಜ್ ಕಾಮಿಕ್ಸ್' 7ನೇ ಸಂಚಿಕೆ, ಡಿಸೆಂಬರ್ 1940. ಗ್ರೀನ್ ಲಾಮಾ, ಬ್ಲ್ಯಾಕ್ ಔಲ್‌ನಂಥ ಹೀರೋಗಳ ಮಧ್ಯೆ ಎಂಟು ಪುಟದ ಒಂದು ಕಥೆ ಇತ್ತು. ಹೆಸರು 'ನ್ಯೂ ಅಡ್ವೆಂಚರ್ಸ್ ಆಫ್ ಫ್ರಾಂಕೆನ್‌ಸ್ಟೈನ್'. ಮಾಡಿದವರು ಡಿಕ್ ಬ್ರೀಫರ್. ಮೇರಿ ಶೆಲ್ಲಿ 1818ರಲ್ಲಿ ಬರೆದ ಕಾದಂಬರಿಯ ರಾಕ್ಷಸನನ್ನು ಬ್ರೀಫರ್ ತಮ್ಮ ಕಾಲದ ನ್ಯೂಯಾರ್ಕಿಗೆ ತಂದು ಬಿಟ್ಟರು. ಹಳೇ ಯುರೋಪಿನ ಕೋಟೆಗಳಿಲ್ಲ. ಓದುವ ಹುಡುಗರು ದಿನಾ ಕಾಣುವಂಥ ದೊಡ್ಡ ಊರು, ಜನ ತುಂಬಿದ ಬೀದಿ.

ಆ ರಾಕ್ಷಸನ ಮುಖವನ್ನು ಒಮ್ಮೆ ನೋಡಿದರೆ ಮರೆಯುವುದು ಕಷ್ಟ. ಮೂಗು ಇರಬೇಕಾದ ಜಾಗದಲ್ಲಿ ಇಲ್ಲ. ಮೇಲಕ್ಕೆ, ಕಣ್ಣುಗಳ ನಡುವೆ, ಹಣೆಯ ಹತ್ತಿರ ಒತ್ತಿಟ್ಟಂತಿದೆ. 1931ರ ಸಿನಿಮಾದಲ್ಲಿ ಬೋರಿಸ್ ಕಾರ್ಲಾಫ್ ಹಾಕಿಕೊಂಡ ಮುಖ ಆಗಲೇ ಎಲ್ಲರಿಗೂ ಗೊತ್ತಿತ್ತು. ಬ್ರೀಫರ್ ಅದನ್ನು ಎತ್ತಿಕೊಳ್ಳಲಿಲ್ಲ. ಮನುಷ್ಯನ ಮುಖವನ್ನೇ ತೆಗೆದುಕೊಂಡು ಒಂದು ಅಂಗವನ್ನು ಮಾತ್ರ ಜರುಗಿಸಿದರು. ಎಲ್ಲೋ ಏನೋ ತಪ್ಪಾಗಿದೆ ಅಂತ ಕಣ್ಣಿಗೆ ಮೊದಲು ಹೊಳೆಯುತ್ತದೆ. ಏನು ತಪ್ಪಾಗಿದೆ ಎಂಬುದು ಆಮೇಲೆ ತಿಳಿಯುತ್ತದೆ. ಹೆದರಿಕೆ ಹುಟ್ಟುವುದು ಈ ಎರಡರ ನಡುವಿನ ಕ್ಷಣದಲ್ಲೇ.

ಇಲ್ಲಿ ಹೀರೋನ ಹೆಸರಲ್ಲಿ ಕಥೆ ನಡೆಯುವುದಿಲ್ಲ. ರಾಕ್ಷಸನ ಹೆಸರೇ ಕಥೆಯ ಹೆಸರು. ಅವನನ್ನು ಬೆನ್ನಟ್ಟಲು ಬುಲ್‌ಡಾಗ್ ಡೆನ್ನಿ ಎಂಬ ಪಾತ್ರ ಬಂದದ್ದು ಕೆಲವು ಸಂಚಿಕೆ ಕಳೆದ ಮೇಲೆ. 1942ರ ಒಂದು ಕಥೆಯಲ್ಲಿ ಆ ಪತ್ರಿಕೆಯ ಬೇರೆ ಹೀರೋಗಳೆಲ್ಲ ಒಟ್ಟಾಗಿ ಅವನ ಮೇಲೆ ಬಿದ್ದರು. ಒಬ್ಬ ರಾಕ್ಷಸನಿಗಾಗಿ ಇಡೀ ಪತ್ರಿಕೆಯ ಹೀರೋಗಳು ಬೇಕಾಯಿತು ಅಂದರೆ ಓದುಗರ ಮೇಲೆ ಅವನ ಹಿಡಿತ ಎಷ್ಟಿತ್ತು ಅಂತ ತಿಳಿಯುತ್ತದೆ. ಕಂತು ಕಂತಾಗಿ ಓಡಿದ ಮೊದಲ ಹಾರರ್ ಕಾಮಿಕ್ಸ್ ಇದೇ ಎಂದು ಹಲವು ಕಾಮಿಕ್ಸ್ ಇತಿಹಾಸಕಾರರು ಹೇಳುತ್ತಾರೆ. ನನ್ನ ಮಟ್ಟಿಗೆ ಹಾರರ್‌ನ ಬುಡ ಇದೇ.

ಇದಕ್ಕೆ ಎದುರು ವಾದವೂ ಗಟ್ಟಿಯಾಗಿದೆ. ಎಂಟು ಪುಟ ಇದ್ದ ಮಾತ್ರಕ್ಕೆ ಪುಸ್ತಕ ಹಾರರ್ ಆಗುತ್ತದೆಯೇ? ಸಂಗ್ರಹಕಾರ ಕೊಳ್ಳುವುದು ಪುಸ್ತಕವನ್ನು, ಅದರೊಳಗಿನ ಎಂಟು ಪುಟವನ್ನಲ್ಲ. ಇಡೀ ಪುಸ್ತಕವೇ ಹೆದರಿಸಬೇಕು ಅನ್ನುವವರು 'ಕ್ಲಾಸಿಕ್ ಕಾಮಿಕ್ಸ್' 13ನೇ ಸಂಚಿಕೆಯನ್ನು ಮುಂದಿಡುತ್ತಾರೆ. 1943ರ ಆಗಸ್ಟಿನ ಈ ಪುಸ್ತಕದಲ್ಲಿ ಡಾಕ್ಟರ್ ಜೆಕಿಲ್ ಮತ್ತು ಮಿಸ್ಟರ್ ಹೈಡ್ ಕಥೆಯೊಂದೇ ಇದೆ. ಆದರೆ ಅದು ಕಾದಂಬರಿಯಿಂದ ಬಂದದ್ದು, ಕಾಮಿಕ್ಸಿಗಾಗಿ ಹುಟ್ಟಿದ್ದಲ್ಲ. 1944ರಲ್ಲಿ ಶುರುವಾದ 'ಯೆಲ್ಲೋಜಾಕೆಟ್' ಪತ್ರಿಕೆಯಲ್ಲೂ ಎಡ್ಗರ್ ಅಲೆನ್ ಪೋ ಕಥೆಗಳು ಬಂದವು. ಅಲ್ಲಿ ಕಥೆ ಹೇಳುವವಳು ಒಬ್ಬ ಮುದಿ ಮಾಟಗಾತಿ. ಚಂದಮಾಮದ ಬೇತಾಳನನ್ನು ಓದಿ ಬೆಳೆದ ನಮಗೆ ಈ ಏರ್ಪಾಡು ಹೊಸದಲ್ಲ. ಅಮೆರಿಕದ ಮಕ್ಕಳಿಗೂ ಹೊಸದಾಗಿರಲಿಲ್ಲ, ಯಾಕೆಂದರೆ ರೇಡಿಯೋದಲ್ಲಿ ನ್ಯಾನ್ಸಿ ಎಂಬ ಮುದಿ ಮಾಟಗಾತಿ 1931ರಿಂದಲೇ ರಾತ್ರಿ ಕಥೆ ಹೇಳುತ್ತಿದ್ದಳು. ಕಾಮಿಕ್ಸಿನ ಹಾರರ್‌ಗೆ ರೇಡಿಯೋ ಕೊಟ್ಟದ್ದು ತುಂಬಾ ಇದೆ. ಸಂಗ್ರಹಕಾರರು ಪುಸ್ತಕ ಹಿಡಿದು ವಾದಿಸುವಾಗ ಇದನ್ನು ಬಿಟ್ಟೇಬಿಡುತ್ತಾರೆ.

'ಈರೀ'ಗೆ ಬಲ ಬರುವುದು ಇಲ್ಲೇ. ಇಡೀ ಪುಸ್ತಕ ಹಾರರ್, ಮತ್ತು ಕಥೆಗಳು ಹೊಸವು. ದೆವ್ವ, ಜೋಂಬಿ ಎಲ್ಲ ಇದ್ದವು. ಆಮೇಲೆ ದೊಡ್ಡ ಹೆಸರು ಮಾಡಿದ ಜೋ ಕ್ಯೂಬರ್ಟ್ ಅವರ ಚಿತ್ರಗಳೂ ಇದ್ದವು. ಆದರೆ ಬಂದದ್ದು ಒಂದೇ ಸಂಚಿಕೆ. 1951ರವರೆಗೆ ಆ ಹೆಸರು ಮತ್ತೆ ಕಾಣಲಿಲ್ಲ. ಬಿಡದೆ ಬಂದ ಮೊದಲ ಹಾರರ್ ಕಥಾಪತ್ರಿಕೆ ಯಾವುದು ಅಂದರೆ 1948ರ ಕೊನೆಗೆ ಅಮೆರಿಕನ್ ಕಾಮಿಕ್ಸ್ ಗ್ರೂಪ್ ಶುರು ಮಾಡಿದ 'ಅಡ್ವೆಂಚರ್ಸ್ ಇನ್‌ಟು ದಿ ಅನ್‌ನೋನ್'. ಅದು 1967ರವರೆಗೆ 174 ಸಂಚಿಕೆ ಬಂತು.

ಹಾಗಾದರೆ ಹಾರರ್ ಅಂದರೆ ಎಲ್ಲರ ಬಾಯಲ್ಲೂ ಇರುವ ಅಮೆರಿಕದ ಪ್ರಕಾಶನ ಸಂಸ್ಥೆ ಇಸಿ ಕಾಮಿಕ್ಸ್? ಅದು ಬಂದದ್ದು ಇವೆಲ್ಲ ಆದ ಮೇಲೆ. ಯುದ್ಧ ಮುಗಿದು ಸೂಪರ್‌ಹೀರೋಗಳ ಮಾರಾಟ ಬಿದ್ದಿತ್ತು. ಪ್ರಕಾಶಕರು ಕ್ರೈಮ್, ಪ್ರೇಮ, ಕೌಬಾಯ್ ಅಂತ ಎಲ್ಲವನ್ನೂ ಹಾಕಿ ನೋಡುತ್ತಿದ್ದರು. ಇಸಿಯ ಪ್ರಕಾಶಕ ಬಿಲ್ ಗೇನ್ಸ್ ಮತ್ತು ಸಂಪಾದಕ ಅಲ್ ಫೆಲ್ಡ್‌ಸ್ಟೈನ್ ತಮ್ಮ ಕ್ರೈಮ್ ಪತ್ರಿಕೆಗಳೊಳಗೇ ಒಂದೊಂದು ದೆವ್ವದ ಕಥೆ ಹಾಕಿ ಓದುಗರ ನಾಡಿ ನೋಡಿದರು. 1950ರಲ್ಲಿ ಮೂರು ಹಾರರ್ ಪತ್ರಿಕೆ ಹೊರಬಂದವು.

ಇಲ್ಲೊಂದು ಗೋಜಲು ಇದೆ. ಹೊಸದಾಗಿ ಕೂಡಿಡಲು ಶುರು ಮಾಡಿದವರು ಆ ಮೂರರಲ್ಲಿ ಒಂದಾದ 'ಕ್ರಿಪ್ಟ್ ಆಫ್ ಟೆರರ್' ಒಂದನೇ ಸಂಚಿಕೆಗಾಗಿ ಹುಡುಕಾಡುತ್ತಾರೆ. ಅದು ಎಲ್ಲೂ ಸಿಗುವುದಿಲ್ಲ, ಯಾಕೆಂದರೆ ಅದು ಬಂದೇ ಇಲ್ಲ. ಆ ಪತ್ರಿಕೆ 17ರಿಂದ ಶುರುವಾಯಿತು. 'ವಾಲ್ಟ್ ಆಫ್ ಹಾರರ್' 12ರಿಂದ, 'ಹಾಂಟ್ ಆಫ್ ಫಿಯರ್' 15ರಿಂದ. ಹೊಸ ಪತ್ರಿಕೆ ತಂದರೆ ಕಡಿಮೆ ದರದ ಅಂಚೆ ಪರವಾನಗಿಗೆ ಮತ್ತೆ ಹಣ ಕಟ್ಟಬೇಕಿತ್ತು. ಅದನ್ನು ಉಳಿಸಲು ಹಳೇ ಪತ್ರಿಕೆಯ ಸಂಖ್ಯೆಯನ್ನೇ ಮುಂದುವರಿಸಿ ಹೆಸರು ಮಾತ್ರ ಬದಲಿಸಿದರು. ಗನ್ನು ಹಿಡಿದ ಕೌಬಾಯ್‌ಗಳ 'ಗನ್‌ಫೈಟರ್' 14ನೇ ಸಂಚಿಕೆಯ ಮುಂದಿನದೇ 'ಹಾಂಟ್ ಆಫ್ ಫಿಯರ್' 15. ತಾರೀಕಿನ ಕಥೆಯೂ ಸರಳವಿಲ್ಲ. ಮುಖಪುಟದಲ್ಲಿ ಡಿಸೆಂಬರ್ ಅಂತಿದ್ದರೆ ಪುಸ್ತಕ ಅಂಗಡಿಗೆ ಬಂದದ್ದು ಅದಕ್ಕಿಂತ ಒಂದೆರಡು ತಿಂಗಳು ಮೊದಲು. ಸಂಖ್ಯೆ, ತಾರೀಕು ಎರಡನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ.

ವಾದ ಇನ್ನೂ ಬಗೆಹರಿಯದೆ ಉಳಿಯಲು ಪುಸ್ತಕಗಳೇ ಕಡಿಮೆ ಇರುವುದೂ ಕಾರಣ. ಅಗ್ಗದ ನ್ಯೂಸ್‌ಪ್ರಿಂಟ್ ಹಳದಿಯಾಗಿ, ಮುಟ್ಟಿದರೆ ಪುಡಿಯಾಗುತ್ತದೆ. ಯುದ್ಧದ ಕಾಲದಲ್ಲಿ ರದ್ದಿ ಸಂಗ್ರಹಕ್ಕೆ ಮಕ್ಕಳೇ ತಮ್ಮ ಕಾಮಿಕ್ಸ್ ಕೊಟ್ಟರು. 1948ರಲ್ಲಿ ಕೆಲವು ಊರುಗಳಲ್ಲಿ ಕಾಮಿಕ್ಸನ್ನು ರಾಶಿ ಹಾಕಿ ಬೆಂಕಿ ಇಟ್ಟರು.

ಉಳಿದಿದ್ದರಲ್ಲಿ ಒಳ್ಳೆಯ ಪ್ರತಿಗಳು ಈಗ ಪೆಟ್ಟಿಗೆ ಸೇರುತ್ತಿವೆ. 2000ದಲ್ಲಿ ಸಿಜಿಸಿ ಎಂಬ ಸಂಸ್ಥೆ ಬಂತು. ಪುಸ್ತಕ ಪರೀಕ್ಷಿಸಿ, ಹತ್ತಕ್ಕೆ ಇಷ್ಟು ಅಂತ ಗ್ರೇಡ್ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ವಾಪಸ್ ಕೊಡುತ್ತದೆ. ಸಂಗ್ರಹಕಾರರು ಇದಕ್ಕೆ ಸ್ಲ್ಯಾಬ್ ಅನ್ನುತ್ತಾರೆ. ಪುಸ್ತಕ ಜೋಪಾನವಾಗಿರುತ್ತದೆ, ಮೋಸಕ್ಕೂ ಕಡಿವಾಣ ಬೀಳುತ್ತದೆ. ಆದರೆ ಪುಟ ತಿರುವಲು ಆಗುವುದಿಲ್ಲ. ಕಣ್ಣಿಗೆ ಕಾಣುವುದು ಮುಖಪುಟ ಮಾತ್ರ. 'ಈರೀ'ಗೆ ಇದು ಅನುಕೂಲ, ಅದರ ಹೆದರಿಕೆಯೆಲ್ಲ ಮುಖಪುಟದಲ್ಲೇ ಇದೆ. ಬ್ರೀಫರ್ ಅವರ ರಾಕ್ಷಸ ಇರುವುದು ಒಳಗಿನ ಪುಟಗಳಲ್ಲಿ. ಪ್ಲಾಸ್ಟಿಕ್ಕಿನ ಆಚೆಯಿಂದ ಅವನ ಹಣೆಯ ಮೂಗು ಕಾಣುವುದಿಲ್ಲ. ಆ ಕಾಲದ ಎಷ್ಟೋ ಕಾಮಿಕ್ಸಿನ ಹಕ್ಕುಸ್ವಾಮ್ಯದ ಅವಧಿ ಕಳೆದು, ಪುಟಗಳು ಈಗ ಸ್ಕ್ಯಾನ್ ಆಗಿ ಓದಲು ಸಿಗುತ್ತವೆ. ವಾದಕ್ಕೆ ಇಳಿಯುವವರು ಮೊದಲು ಅವನ್ನು ಓದಬೇಕು ಎಂಬುದು ನನ್ನ ಕೋರಿಕೆ.

ಇಷ್ಟೂ ಪುಸ್ತಕಗಳಿಗೆ ಒಂದೇ ಗಡಿ ಬಿದ್ದದ್ದು 1954ರಲ್ಲಿ. ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತವೆ ಎಂದು ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಪುಸ್ತಕ ಬರೆದರು. ಏಪ್ರಿಲ್‌ನಲ್ಲಿ ಸೆನೆಟ್ ಉಪಸಮಿತಿ ನ್ಯೂಯಾರ್ಕಿನಲ್ಲಿ ವಿಚಾರಣೆ ನಡೆಸಿತು. ಹೆಂಗಸಿನ ಕತ್ತರಿಸಿದ ತಲೆ ಇದ್ದ ಮುಖಪುಟವೊಂದನ್ನು ತೋರಿಸಿ ಇದು ಸಭ್ಯವೇ ಅಂತ ಗೇನ್ಸ್‌ರನ್ನು ಕೇಳಿದರು. ಹೌದು, ಹಾರರ್ ಕಾಮಿಕ್ಸಿನ ಮುಖಪುಟದ ಮಟ್ಟಿಗೆ ಇದು ಸಭ್ಯವಾಗಿಯೇ ಇದೆ ಎಂದು ಅವರು ಉತ್ತರಿಸಿದರು. ಅದೇ ವರ್ಷ ಪ್ರಕಾಶಕರು ತಾವೇ ಕಾಮಿಕ್ಸ್ ಕೋಡ್ ಎಂಬ ನಿಯಮಾವಳಿ ಮಾಡಿಕೊಂಡರು. ಹೆಸರಿನಲ್ಲಿ 'ಹಾರರ್', 'ಟೆರರ್' ಪದ ಇರಬಾರದು. ವ್ಯಾಂಪೈರ್, ಜೋಂಬಿ, ತೋಳಮನುಷ್ಯ ಯಾವುದೂ ಕೂಡದು. ಸಂಗ್ರಹಕಾರರು 'ಪ್ರಿ-ಕೋಡ್ ಹಾರರ್' ಅನ್ನುವುದು ಈ ಗೆರೆಗಿಂತ ಹಿಂದಿನದಕ್ಕೆ.

ಬ್ರೀಫರ್ ಅವರ ರಾಕ್ಷಸ ಅಷ್ಟರಲ್ಲಿ ಮೂರು ಜನ್ಮ ಎತ್ತಿದ್ದ. ಮೊದಲು ಕೊಲೆಗಡುಕ. 1945ರಿಂದ ಅವನದೇ ಹೆಸರಿನ ಪತ್ರಿಕೆಯಲ್ಲಿ, ನೆರೆಹೊರೆಯವರ ಜೊತೆ ತಮಾಷೆಯಾಗಿ ಬದುಕುವ ಸಾಧು. 1952ರಲ್ಲಿ ಮತ್ತೆ ಭಯಂಕರ. ಆ ಪತ್ರಿಕೆ 1954ರ ಕೊನೆಗೆ 33ನೇ ಸಂಚಿಕೆಯೊಂದಿಗೆ ನಿಂತುಹೋಯಿತು. ಬ್ರೀಫರ್ ಕಾಮಿಕ್ಸ್ ಬಿಟ್ಟು ಜಾಹೀರಾತಿನ ಚಿತ್ರ ಬಿಡಿಸಲು ಹೋದರು.