ಕ್ರೀಮ್ ಜಾರಿದರೆ ಸಕ್ಕರೆ ಡಬ್ಬಿಗೆ ಕೈ ಹಾಕಬೇಡಿ

ನಾನು ಕೇಕ್ ಆರ್ಡರ್ ತೆಗೆದುಕೊಳ್ಳಲು ಶುರು ಮಾಡಿದ ಹೊಸತು. ಏಪ್ರಿಲ್ ತಿಂಗಳು, ದಾವಣಗೆರೆಯ ಒಂದು ಛತ್ರದಲ್ಲಿ ಮಗುವಿನ ಮೊದಲ ಹುಟ್ಟುಹಬ್ಬ. ಎರಡೂವರೆ ಕೆಜಿ ಕೇಕ್, ಮೇಲೆ ಬಟರ್‌ಕ್ರೀಮ್, ಅಂದರೆ ಬೆಣ್ಣೆಗೆ ಪುಡಿಸಕ್ಕರೆ (ಐಸಿಂಗ್ ಶುಗರ್) ಹಾಕಿ ಬೀಟ್ ಮಾಡಿದ ಕ್ರೀಮಿನ ಗುಲಾಬಿಗಳು. ಮೂರು ಗಂಟೆಗೆ ಟೇಬಲ್ ಮೇಲಿಟ್ಟು ಊಟಕ್ಕೆ ಹೋದೆ. ಮನೆಯವರು ಯಾರೋ ಮಾವ ಬರಬೇಕು ಅಂತ ಕಾಯುತ್ತಿದ್ದರು. ನಾನು ವಾಪಸ್ ಬಂದಾಗ ಗುಲಾಬಿಗಳು ಕೇಕಿನ ಪಕ್ಕದಿಂದ ನಿಧಾನಕ್ಕೆ ಇಳಿದು ಬೋರ್ಡ್ ಮೇಲೆ ಕೂತಿದ್ದವು. ಅಲ್ಲಿದ್ದ ಅಜ್ಜಿಯೊಬ್ಬರು ಬಗ್ಗಿ ನೋಡಿ, "ಏನವ್ವಾ, ತುಪ್ಪ ಕಾಸಾಕೆ ಇಟ್ಟಿದ್ದೀಯೇನು?" ಅಂದರು.

ಅಜ್ಜಿ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬೆಣ್ಣೆ 32ರಿಂದ 35 ಡಿಗ್ರಿಯೊಳಗೆ ಕರಗಿಬಿಡುತ್ತದೆ. ಏಪ್ರಿಲ್‌ನಲ್ಲಿ ಆ ಕಡೆ ನೆರಳಿನಲ್ಲೇ ಅದಕ್ಕಿಂತ ಜಾಸ್ತಿ ಇರುತ್ತದೆ. ಅವತ್ತು ಹಾಳಾಗಿದ್ದು ಅಳತೆಯಿಂದಲ್ಲ, ನಾನು ಆ ಊರಿಗೆ, ಆ ಹೊತ್ತಿಗೆ ಬಟರ್‌ಕ್ರೀಮ್ ಆರಿಸಿದ್ದರಿಂದ.

ಅದಕ್ಕೇ ಈಗ ಆರ್ಡರ್ ಕೊಡುವವರು ಫೋಟೋ ಕಳಿಸಿದ ತಕ್ಷಣ ನಾನು ಕೇಳುವುದು ಕೇಕ್ ಎಲ್ಲಿಡುತ್ತೀರಿ, ಎಷ್ಟು ಹೊತ್ತು ಹೊರಗಿರುತ್ತದೆ ಅಂತ. ಎಸಿ ಇಲ್ಲದ ಹಾಲ್, ಬೇಸಿಗೆ ಮಧ್ಯಾಹ್ನ ಅಂದರೆ ಡಾರ್ಕ್ ಚಾಕೊಲೇಟ್ ಗನಾಶ್, ಬಿಸಿ ಕ್ರೀಮಿನಲ್ಲಿ ಚಾಕೊಲೇಟ್ ಕರಗಿಸಿ ಮಾಡುವುದು. ಒಂದು ಪಾಲು ಕ್ರೀಮಿಗೆ ಎರಡು ಪಾಲು ಚಾಕೊಲೇಟ್, ತೂಕದ ಲೆಕ್ಕದಲ್ಲಿ. ಕಾಂಪೌಂಡ್ ಚಾಕೊಲೇಟ್ ಅಂದರೆ ಕೆಲವರು ಮೂಗು ಮುರಿಯುತ್ತಾರೆ, ರುಚಿಯಲ್ಲಿ ಅದು ಕಮ್ಮಿಯೇ ಹೌದು, ಆದರೆ ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಜಿಡ್ಡು ಇರುವುದರಿಂದ ಸೆಖೆಯಲ್ಲಿ ಇನ್ನೊಂದಿಷ್ಟು ಹೊತ್ತು ನಿಲ್ಲುತ್ತದೆ. ಮನೆಯಲ್ಲೇ ಸಂಜೆ ಕಟ್ ಮಾಡಿ ತಿನ್ನುವ ಕೇಕಾದರೆ ವಿಪ್ಪಿಂಗ್ ಕ್ರೀಮ್ ಸಾಕು. ಕಪ್‌ಕೇಕ್ ಮೇಲೆ ಎತ್ತರದ ಸುರುಳಿ ಬೇಕು ಅಂದರೆ ಬಟರ್‌ಕ್ರೀಮಿನಷ್ಟು ಚೆಂದ ಬೇರೆ ಯಾವುದೂ ನಿಲ್ಲುವುದಿಲ್ಲ. ಬೆಂಗಳೂರಿನ ಡಿಸೆಂಬರ್‌ನಲ್ಲಂತೂ ಕಣ್ಣು ಮುಚ್ಚಿಕೊಂಡು ಮಾಡಬಹುದು.

ಬೆಣ್ಣೆ ಅಂದರೆ ಯಾವ ಬೆಣ್ಣೆ? ಅಂಗಡಿಯ ಹಳದಿ ಪ್ಯಾಕೆಟ್‌ನಲ್ಲಿ ಸಾಮಾನ್ಯವಾಗಿ ಉಪ್ಪಿರುತ್ತದೆ, ಉಪ್ಪಿಲ್ಲದ್ದು ಕೊಡಿ ಅಂತ ಬಾಯಿಬಿಟ್ಟು ಕೇಳಬೇಕು. ಇನ್ನು ಮನೆಯಲ್ಲಿ ಕಡೆದ ಬೆಣ್ಣೆ. ರೊಟ್ಟಿಗೆ ಅದರಂಥದ್ದು ಇನ್ನೊಂದಿಲ್ಲ. ಆದರೆ ಎಷ್ಟೇ ಹಿಂಡಿದರೂ ಒಳಗೆ ಮಜ್ಜಿಗೆ ನೀರು ಉಳಿದಿರುತ್ತದೆ, ಹುಳಿವಾಸನೆಯೂ ಇರುತ್ತದೆ. ಕೇಕ್ ಮೇಲೆ ಹಚ್ಚಿದ ಮೇಲೆ ಅದು ಸುಮ್ನೆ ಕೂರುವುದಿಲ್ಲ, ನೀರು ಬಿಡುತ್ತದೆ. ಸಕ್ಕರೆಯನ್ನು ಮಿಕ್ಸಿಯಲ್ಲಿ ಪುಡಿ ಮಾಡಿಕೊಳ್ಳುವುದಾದರೆ ನೂರು ಗ್ರಾಂಗೆ ಒಂದು ಟೀ ಚಮಚ ಕಾರ್ನ್‌ಫ್ಲೋರ್ ಸೇರಿಸಿ ತಿರುಗಿಸಿ, ಆಮೇಲೆ ಸಣ್ಣ ಕಣ್ಣಿನ ಜರಡಿ ಹಿಡಿಯಿರಿ. ಆಗಲೂ ನಾಲಿಗೆಗೆ ಮರಳು ಸಿಕ್ಕಿದರೆ ಬೀಟರ್ ಓಡಿಸಿ ಪ್ರಯೋಜನವಿಲ್ಲ, ಬೆಣ್ಣೆಯಲ್ಲಿ ಸಕ್ಕರೆ ಕರಗುವುದಿಲ್ಲ.

ಸಿಹಿ ಜಾಸ್ತಿ ಆಯ್ತು ಅನ್ನುವವರಿಗೆ ನಾನು ಮಾಡಿಕೊಡುವುದು ಕಂಡೆನ್ಸ್ಡ್ ಮಿಲ್ಕ್ ಬಟರ್‌ಕ್ರೀಮ್. 200 ಗ್ರಾಂ ಬೆಣ್ಣೆಯನ್ನು ಎಂಟು ಹತ್ತು ನಿಮಿಷ ಬೆಳ್ಳಗಾಗುವ ತನಕ ಬೀಟ್ ಮಾಡಿ, 150 ಗ್ರಾಂ ಕಂಡೆನ್ಸ್ಡ್ ಮಿಲ್ಕನ್ನು ಸಣ್ಣ ಧಾರೆಯಾಗಿ ಹಾಕುತ್ತಾ ಹೋಗುವುದು. ಮೊಟ್ಟೆ ಇಲ್ಲ, ಮರಳಿನ ಕಾಟವೂ ಇಲ್ಲ.

ಈಗ ಕೆಟ್ಟಿದ್ದನ್ನು ಸರಿ ಮಾಡುವ ವಿಷಯ. ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಬರುವುದು ಇದಕ್ಕೇ. ಹತ್ತರಲ್ಲಿ ಎಂಟು ಜನ ಮಾಡಿದ ತಪ್ಪು ಒಂದೇ: ಕ್ರೀಮ್ ತೆಳ್ಳಗಾಯಿತು, ಇನ್ನೊಂದು ಕಪ್ ಐಸಿಂಗ್ ಶುಗರ್ ಸುರಿದೆ, ಆದರೂ ಗಟ್ಟಿಯಾಗಲಿಲ್ಲ. ಹೇಗೆ ಆಗುತ್ತದೆ ಹೇಳಿ? ಕರಗುತ್ತಿರುವುದು ಬೆಣ್ಣೆ, ಸಕ್ಕರೆ ಹಾಕಿದರೆ ಬೆಣ್ಣೆ ತಣ್ಣಗಾಗುವುದಿಲ್ಲ ಅಲ್ವಾ. ಕ್ರೀಮ್ ಚೀಸ್ ಹಾಕಿ ಮಾಡಿದ ಕ್ರೀಮಿನಲ್ಲಂತೂ ಇನ್ನೂ ಕೆಟ್ಟದು, ಚೀಸಿನ ನೀರಿನಲ್ಲಿ ಸಕ್ಕರೆ ಕರಗಿ ಮೊದಲಿಗಿಂತ ತೆಳ್ಳಗಾಗುತ್ತದೆ. ಬೋಗುಣಿಯನ್ನು ಹಾಗೇ ಫ್ರಿಜ್‌ನಲ್ಲಿಡಿ, ಹದಿನೈದು ಇಪ್ಪತ್ತು ನಿಮಿಷ. ಅಂಚು ಬಿಗಿಯಾದ ಮೇಲೆ ತೆಗೆದು ಬೀಟ್ ಮಾಡಿ. ಕರೆಂಟ್ ಇಲ್ಲವಾ, ದೊಡ್ಡ ಪಾತ್ರೆಯಲ್ಲಿ ಐಸ್ ನೀರು ಹಾಕಿ ಅದರೊಳಗೆ ಬೋಗುಣಿ ಇಟ್ಟು ತಿರುಗಿಸಿ.

ಇದರ ಉಲ್ಟಾ ಕೂಡ ಆಗುತ್ತದೆ. ಬೆಣ್ಣೆ ತೀರಾ ತಣ್ಣಗಿದ್ದು, ಕ್ರೀಮ್ ಒಡೆದ ಹಾಲಿನ ಹಾಗೆ ಹರಳು ಹರಳಾಗಿ, ತಳದಲ್ಲಿ ನೀರು ನಿಲ್ಲುತ್ತದೆ. ನೋಡಿದರೆ ಎಸೆಯಬೇಕು ಅನ್ನಿಸುತ್ತದೆ. ಎಸೆಯಬೇಡಿ. ಎರಡು ಮೂರು ಚಮಚ ಬೇರೆ ತೆಗೆದು, ಬಿಸಿನೀರಿನ ಪಾತ್ರೆಯ ಮೇಲೆ ಹಿಡಿದು ಪೂರ್ತಿ ಕರಗಿಸಿ, ಬೀಟರ್ ಓಡುತ್ತಿರುವಾಗಲೇ ವಾಪಸ್ ಹಾಕಿ. ಮೊದಲೊಂದು ನಿಮಿಷ ಚಪಚಪ ಅನ್ನುವ ನೀರಿನ ಸದ್ದು. ಆಮೇಲೆ ಇದ್ದಕ್ಕಿದ್ದಂತೆ ಸದ್ದು ದಪ್ಪಗಾಗಿ, ಕ್ರೀಮ್ ಬೀಟರಿನ ಕಡ್ಡಿಗಳಿಗೆ ಅಂಟಿಕೊಂಡು ಸುತ್ತತೊಡಗುತ್ತದೆ. ನಾನು ಕ್ಲಾಸಿನಲ್ಲಿ ಕಣ್ಣಿಗಿಂತ ಕಿವಿ ಕೊಡಿ ಅನ್ನುವುದು ಈ ಒಂದು ಗಳಿಗೆಗೆ.

ಡಬ್ಬಿಯ ವಿಪ್ಪಿಂಗ್ ಕ್ರೀಮಿನ (ಹಾಲಿನದಲ್ಲ, ಸಸ್ಯದ ಜಿಡ್ಡಿನದು) ಕಥೆ ಬೇರೆ. ಫ್ರೀಜರ್‌ನಲ್ಲಿದ್ದದ್ದನ್ನು ಹಿಂದಿನ ರಾತ್ರಿ ಕೆಳಗಿನ ಫ್ರಿಜ್‌ಗೆ ಇಳಿಸಿ. ಅಲ್ಲಲ್ಲಿ ಐಸ್ ಹರಳು ಕಾಣಿಸುತ್ತಿರುವಾಗಲೇ ಮಧ್ಯಮ ವೇಗದಲ್ಲಿ ಬೀಟ್ ಮಾಡಿ. ಬೀಟರ್ ಎತ್ತಿದಾಗ ಕ್ರೀಮ್ ನೆಟ್ಟಗೆ ನಿಂತು ತುದಿ ಮಾತ್ರ ಗಿಳಿಯ ಕೊಕ್ಕಿನ ಹಾಗೆ ಬಾಗಬೇಕು, ಅಲ್ಲಿಗೆ ನಿಲ್ಲಿಸಿ. ದಾಟಿದರೆ ಸ್ಪಂಜಿನ ಹಾಗೆ ತೂತು ತೂತಾಗಿ ಕೇಕ್ ಮೇಲೆ ನುಣ್ಣಗೆ ಎಳೆಯಲು ಬರುವುದಿಲ್ಲ. ಅದಕ್ಕೇ ನಾನು ಪ್ರತಿ ಸಲ ಅರ್ಧ ಕಪ್ ಬೀಟ್ ಮಾಡದ ಕ್ರೀಮ್ ಪಕ್ಕಕ್ಕಿಟ್ಟಿರುತ್ತೇನೆ. ಎರಡು ಚಮಚ ಹಾಕಿ ಕೈಯಿಂದ ಮೆಲ್ಲಗೆ ಮಗುಚಿದರೆ ಸರಿಹೋಗುತ್ತದೆ, ಬೀಟರ್ ಮುಟ್ಟಬಾರದು. ಇನ್ನು ಪಾಯಸಕ್ಕೆ ಹಾಕುವ ಫ್ರೆಶ್ ಕ್ರೀಮ್ ಪ್ಯಾಕೆಟ್ ತಂದು ಒಂದು ಗಂಟೆ ಬೀಟ್ ಮಾಡಿ ಕೈ ನೋಯಿಸಿಕೊಂಡವರೂ ಇದ್ದಾರೆ. ಅದರಲ್ಲಿ ಕೊಬ್ಬು ಸುಮಾರು 25 ಶೇಕಡಾ. ಹಾಲಿನ ಕ್ರೀಮ್ ಉಬ್ಬಿ ನಿಲ್ಲಬೇಕಾದರೆ ಕಡೇಪಕ್ಷ 30 ಬೇಕು, 35 ಇದ್ದರೆ ಒಳ್ಳೆಯದು.

ಗನಾಶ್ ಒಡೆದು ಎಣ್ಣೆ ಬಿಟ್ಟರೆ ಗಾಬರಿ ಬೇಡ. ಬೆಚ್ಚಗಿನ ಹಾಲು ಒಂದೊಂದೇ ಚಮಚ ಹಾಕಿ ನಡುವಿನಿಂದ ತಿರುಗಿಸುತ್ತಾ ಬನ್ನಿ, ಹೊಳಪು ಬರುತ್ತದೆ.

ಕೊನೆಗೆ ಪೈನಾಪಲ್ ಕೇಕ್. ಹೋದ ತಿಂಗಳು ಕ್ಲಾಸಿಗೆ ಬರುವವರೊಬ್ಬರು, "ಮೇಡಂ, ರಾತ್ರಿ ರುಚಿ ನೋಡಿದಾಗ ಚೆನ್ನಾಗೇ ಇತ್ತು, ಬೆಳಿಗ್ಗೆ ಕಟ್ ಮಾಡಿದರೆ ಕಹಿ, ಕ್ರೀಮ್ ಹಳಸಿತ್ತಾ?" ಅಂತ ಕೇಳಿದರು. ಕ್ರೀಮ್ ಹೊಸದೇ, ಹಾಲಿನ ಕ್ರೀಮು. ಹಣ್ಣೂ ತಾಜಾ, ತೊಂದರೆ ಅಲ್ಲೇ. ಹಸಿ ಅನಾನಸ್‌ನಲ್ಲಿರುವ ಬ್ರೊಮೆಲಿನ್ ಅನ್ನುವ ಕಿಣ್ವ ಹಾಲಿನ ಪ್ರೋಟೀನನ್ನು ಒಡೆದು ಕಹಿ ಮಾಡುತ್ತದೆ. ಬಿಸಿ ಮಾಡಿದರೆ ಅದರ ಆಟ ನಡೆಯುವುದಿಲ್ಲ. ಡಬ್ಬಿಯ ಹಣ್ಣಿಗೆ ಈ ಕಾಟ ಇಲ್ಲದಿರುವುದೂ ಅದಕ್ಕೇ, ಅದು ಮೊದಲೇ ಬೆಂದಿರುತ್ತದೆ. ಹಣ್ಣನ್ನು ಸಣ್ಣಗೆ ಹೆಚ್ಚಿ, ಸಕ್ಕರೆ ಹಾಕಿ ಐದು ನಿಮಿಷ ಕುದಿಸಿ, ಪೂರ್ತಿ ಆರಿಸಿ, ರಸ ಸೋಸಿಕೊಂಡು ಕ್ರೀಮಿಗೆ ಸೇರಿಸಿ. ಸೋಸಿದ ರಸವನ್ನು ಚೆಲ್ಲಬೇಡಿ, ಸ್ಪಂಜ್ ನೆನೆಸಲು ಅದೇ ಸಾಕು.