ಗಾಳಿಮಳೆಗೆ ತಂತಿ ಬಿದ್ದರೆ ಸ್ಟೇಷನ್ನಿಗೆ ಗೊತ್ತಾಗುತ್ತದಾ?

ಮಲೆನಾಡಿನಲ್ಲಿ ಜೂನ್ ಬಂತೆಂದರೆ ಕರೆಂಟು ಹೋಗುವುದು ಯಾರಿಗೂ ಸುದ್ದಿಯಲ್ಲ. ಒಂದು ಅಕೇಶಿಯ ಮರ ಲೈನಿನ ಮೇಲೆ ಉರುಳಿದರೆ ಸಾಕು, ನಾಲ್ಕೈದು ಊರು ಕತ್ತಲಾಗುತ್ತವೆ. ಸರಿಮಾಡಲು ಯಾಕೆ ಇಷ್ಟು ಹೊತ್ತು ಅಂತ ಎಲ್ಲರೂ ಕೇಳುತ್ತಾರೆ. ಎಷ್ಟೋ ಸಲ ತಂತಿ ಎಳೆದು ಕಟ್ಟುವ ಕೆಲಸಕ್ಕಿಂತ ಅದು ಎಲ್ಲಿ ತುಂಡಾಗಿದೆ ಅಂತ ಹುಡುಕುವುದಕ್ಕೇ ಜಾಸ್ತಿ ಹೊತ್ತು ಹಿಡಿಯುತ್ತದೆ.

ಈ ಹುಡುಕಾಟ ನಮ್ಮಲ್ಲಿ 1902ರಷ್ಟು ಹಳೆಯದು. ಆ ವರ್ಷ ಜೂನ್ ಕೊನೆಗೆ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿ ತಲುಪಿತು. ಸುಮಾರು 147 ಕಿ.ಮೀ. ಲೈನು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಅಂಥ ಲೈನಿನಲ್ಲಿ ಏನಾದರೂ ಕೆಟ್ಟರೆ ಜಾಗ ಗೊತ್ತಾಗುತ್ತಿದ್ದದ್ದು ಯಾರಾದರೂ ಹೋಗಿ ನೋಡಿದಾಗಲೇ.

ಆಮೇಲೆ ಲೈನಿನ ಕರೆಂಟನ್ನು ಗಮನಿಸುವ ರಿಲೇ, ಅದರ ಮಾತಿನಂತೆ ಲೈನು ಬಂದ್ ಮಾಡುವ ಬ್ರೇಕರ್‌ಗಳು ಸುಧಾರಿಸುತ್ತಾ ಬಂದವು. ಲೈನಿನಲ್ಲಿ ಕರೆಂಟು ಮಿತಿ ಮೀರಿ ಹರಿದರೆ ಸ್ಟೇಷನ್ನಿನಲ್ಲಿ, ಅಂದರೆ ಊರುಗಳಿಗೆ ಕರೆಂಟು ಹಂಚುವ ಸಬ್‌ಸ್ಟೇಷನ್ನಿನಲ್ಲಿ, ಬ್ರೇಕರ್ ತಾನಾಗಿ ಟ್ರಿಪ್ ಆಗಿ ಲೈನು ಬಂದ್ ಆಗುತ್ತದೆ. ದೊಡ್ಡ ಟವರ್ ಲೈನುಗಳಲ್ಲಿ ದೋಷ ಎಷ್ಟು ದೂರದಲ್ಲಿದೆ ಅಂತಲೂ ರಿಲೇ ಅಂದಾಜು ಹೇಳುತ್ತದೆ. ಆದರೆ ಹಳ್ಳಿಗೆ ಬರುವ 11 ಕೆವಿ ಲೈನು ಹತ್ತಾರು ಕವಲೊಡೆದಿರುತ್ತದೆ. ಅಲ್ಲಿ ದೂರ ಗೊತ್ತಾದರೂ ಯಾವ ಕವಲು ಅಂತ ಗೊತ್ತಾಗುವುದಿಲ್ಲ.

ಹಾಗಾಗಿ ಪವರ್‌ಮ್ಯಾನ್‌ಗಳು ಇಂದಿಗೂ ಹುಡುಕುವುದು ಹೀಗೆ. ಫೀಡರ್ (ಸ್ಟೇಷನ್ನಿನಿಂದ ಹೊರಡುವ 11 ಕೆವಿ ಲೈನು) ಟ್ರಿಪ್ ಆಗಿದೆ ಅಂತ ಸ್ಟೇಷನ್ನಿನಿಂದ ಫೋನ್ ಬರುತ್ತದೆ. ಒಬ್ಬರು ಮಳೆಯಲ್ಲೇ ಹೋಗಿ ಲೈನಿನ ನಡುವೆ ಕಂಬದ ಮೇಲಿರುವ, ಮೂರೂ ತಂತಿಯನ್ನು ಒಟ್ಟಿಗೆ ಬೇರ್ಪಡಿಸುವ ಜಿಓಎಸ್ ಸ್ವಿಚ್ ಬಿಡಿಸುತ್ತಾರೆ. ಸ್ಟೇಷನ್ನಿನವರು ಒಮ್ಮೆ ಲೈನಿಗೆ ಕರೆಂಟು ಕೊಟ್ಟು ನೋಡುತ್ತಾರೆ. ಲೈನು ಟ್ರಿಪ್ ಆಗದೆ ಉಳಿದರೆ ದೋಷ ಸ್ವಿಚ್ಚಿನ ಆಚೆ, ಮತ್ತೆ ಟ್ರಿಪ್ ಆದರೆ ಈಚೆ. ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡುತ್ತಾರೆ. ಕೊನೆಗೆ ಲೈನ್ ಕ್ಲಿಯರ್ (ಲೈನು ಬಂದ್ ಆಗಿದೆ, ಕೆಲಸ ಮಾಡಬಹುದು ಅನ್ನುವ ಅನುಮತಿ) ತಗೊಂಡು ಟಾರ್ಚ್ ಹಿಡಿದು ಕಂಬದಿಂದ ಕಂಬಕ್ಕೆ ನಡೆಯುತ್ತಾರೆ. ಅಡಿಕೆ ತೋಟ, ಹಳ್ಳ, ಗುಡ್ಡ ಎಲ್ಲ ದಾಟಬೇಕು. ಎಲ್ಲೋ ಜಂಪ್ (ಕಂಬದ ಬಳಿ ಎರಡು ತಂತಿ ಸೇರಿಸುವ ತುಂಡು ತಂತಿ) ಬಿಟ್ಟಿರುತ್ತದೆ, ಇಲ್ಲವೇ ಸಿಡಿಲಿಗೆ ತಂತಿ ಹೊತ್ತಿರುವ ಪಿಂಗಾಣಿಯ ಪಿನ್ ಇನ್ಸುಲೇಟರ್ ಒಡೆದಿರುತ್ತದೆ. ಕೆಳಗಿನಿಂದ ನೋಡಿದರೆ ಆ ಬಿರುಕು ಹಗಲಿನಲ್ಲೂ ಸುಲಭವಾಗಿ ಕಾಣುವುದಿಲ್ಲ.

ಟ್ರಿಪ್ ಆದರೆ ಹುಡುಕಬಹುದು. ಟ್ರಿಪ್ ಆಗದಿದ್ದರೆ? ನನ್ನನ್ನು ಕಾಡುವುದು ಇದೇ. ನೆಲಕ್ಕೆ ಬಿದ್ದ ತಂತಿಯಿಂದ ಸಾಕಷ್ಟು ಕರೆಂಟು ಭೂಮಿಗೆ ಇಳಿದರೆ ಮಾತ್ರ ರಿಲೇಗೆ ಗೊತ್ತಾಗುವುದು. ಅಮೆರಿಕದಲ್ಲಿ ತಂತಿಯನ್ನು ಬೇಕೆಂದೇ ನೆಲಕ್ಕೆ ಬೀಳಿಸಿ ಪರೀಕ್ಷೆ ಮಾಡಿದ್ದಾರೆ. ಒದ್ದೆ ಹುಲ್ಲಿನ ಮೇಲೆ ಹರಿದದ್ದು ಸುಮಾರು 50 ಆಂಪಿಯರ್. ಒಣ ಡಾಂಬರಿನ ಮೇಲೆ ಹೆಚ್ಚುಕಡಿಮೆ ಸೊನ್ನೆ. ಫೀಡರ್‌ನಲ್ಲಿ ಮಾಮೂಲಿ ಹರಿಯುವುದೇ ನೂರಾರು ಆಂಪಿಯರ್ ಇರಬಹುದು. ಅದರ ನಡುವೆ ಈ ಚಿಕ್ಕ ಸೋರಿಕೆ ರಿಲೇ ಕಣ್ಣಿಗೆ ಬೀಳುವುದಿಲ್ಲ. ತಂತಿ ಜೀವಂತವಾಗಿ ದಾರಿಯಲ್ಲೇ ಬಿದ್ದಿರುತ್ತದೆ. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಕಾಡುಗೋಡಿ ಬಳಿ ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿ ತುಳಿದು ತಾಯಿ, ಒಂಬತ್ತು ತಿಂಗಳ ಮಗು ಇಬ್ಬರೂ ತೀರಿಕೊಂಡರು.

ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದವರು 1970ರ ದಶಕದಿಂದಲೇ ಈ ಸಮಸ್ಯೆಯ ಹಿಂದೆ ಬಿದ್ದಿದ್ದಾರೆ. ತಂತಿ ಕಿಡಿ ಕಾರುವಾಗ ಕರೆಂಟಿನ ಅಲೆಯಲ್ಲಿ ಕಾಣುವ ಸಣ್ಣ ಏರುಪೇರು ಗುರುತಿಸುವುದು ಅವರ ದಾರಿ. ಒಳ್ಳೆಯ ದಾರಿಯೇ. ಆದರೂ ಬಿದ್ದ ತಂತಿಯನ್ನೆಲ್ಲ ತಪ್ಪದೆ ಹಿಡಿಯುವ ಉಪಕರಣ ಇನ್ನೂ ಬಂದಿಲ್ಲ.

ಜಗತ್ತಿಗೆ ಬಿಸಿ ಮುಟ್ಟಿದ್ದು ಆಸ್ಟ್ರೇಲಿಯಾದಲ್ಲಿ. 2009ರ ಫೆಬ್ರವರಿ 7ರಂದು ವಿಕ್ಟೋರಿಯಾ ರಾಜ್ಯದಲ್ಲಿ ಬಿಸಿಲು, ಬಿರುಗಾಳಿ ಎರಡೂ ವಿಪರೀತವಾಗಿದ್ದವು. ಕಿಲ್ಮೋರ್ ಈಸ್ಟ್ ಬಳಿ ಹಳೆಯ ತಂತಿಯೊಂದು ತುಂಡಾಗಿ ಕಿಡಿ ಹಾರಿತು. ಆ ಒಂದು ಬೆಂಕಿಗೇ 119 ಜನ ಸತ್ತರು. ತಂತಿಯ ತುದಿಯ ಜೋಡಣೆ ಸರಿಯಾಗಿ ಕೂತಿರಲಿಲ್ಲ. ಹಿಂದಿನ ವರ್ಷ ಲೈನು ನೋಡಿಹೋದವರಿಗೆ ನೆಲದಿಂದ ಅದು ಕಂಡಿರಲಿಲ್ಲ. ತನಿಖಾ ಆಯೋಗ, ಬೆಂಕಿ ಭಯವಿರುವ ಕಡೆ ಐದು ವರ್ಷಕ್ಕೊಮ್ಮೆ ನಡೆಯುತ್ತಿದ್ದ ತಪಾಸಣೆಯನ್ನು ಮೂರು ವರ್ಷಕ್ಕೆ ಇಳಿಸಿ ಅಂತು. ತಂತಿ ನೆಲ ಮುಟ್ಟಿದ ಕ್ಷಣದಲ್ಲೇ ಅದರ ವೋಲ್ಟೇಜ್ ತಗ್ಗಿಸುವ ಸಾಧನಗಳು ಆಮೇಲೆ ಅಲ್ಲಿನ ಸ್ಟೇಷನ್ನುಗಳಿಗೆ ಬಂದವು. ನಮ್ಮಲ್ಲಿ ಅರ್ತಿಂಗ್ ಮಾಡುವ ಕ್ರಮವೇ ಬೇರೆ. ಅದನ್ನು ಸುಮ್ನೆ ತಂದು ಜೋಡಿಸಲು ಆಗುವುದಿಲ್ಲ.

ನಮ್ಮ ಕಡೆಗೂ ಹೊಸ ಸಾಧನಗಳು ಬರುತ್ತಿವೆ. ದೋಷದ ಕರೆಂಟು ಹಾದುಹೋದರೆ ಮಿನುಗುವ ಇಂಡಿಕೇಟರ್‌ಗಳಿವೆ. ದೊಡ್ಡ ಲೈನುಗಳ ಮೇಲೆ ಡ್ರೋನ್ ಹಾರುತ್ತಿವೆ. ಸ್ಮಾರ್ಟ್ ಮೀಟರ್ ಕರೆಂಟು ಹೋದ ತಕ್ಷಣ ಸಂದೇಶ ಕಳಿಸಬಲ್ಲದು. ಆದರೆ ಜೋರು ಗಾಳಿಯಲ್ಲಿ ಡ್ರೋನ್ ಹಾರಿಸಲು ಆಗುವುದಿಲ್ಲ. ಮೊಬೈಲ್ ಟವರ್ ಮಲಗಿದರೆ ಮೀಟರಿನ ಸಂದೇಶವೂ ಬರುವುದಿಲ್ಲ. ಮಳೆಗಾಲ ಮುಗಿದ ಮೇಲೆ ತಪಾಸಣೆಗೆ ಇವು ಚೆನ್ನ. ಗಾಳಿಮಳೆಯ ರಾತ್ರಿಗೆ ಪ್ಲಾಸ್ಟಿಕ್ ಹೊದಿಕೆಯ ತಂತಿ ಮತ್ತು ಸಾಕಷ್ಟು ಪವರ್‌ಮ್ಯಾನ್‌ಗಳು ಬೇಕು. ದುಡ್ಡು ಮೊದಲು ಹೋಗಬೇಕಾದ್ದು ಇವೆರಡಕ್ಕೆ ಅಂತ ನನ್ನ ಅಭಿಪ್ರಾಯ.

ರಿಲೇಗೆ ಕಾಣದ ತಂತಿಯನ್ನು ಮೊದಲು ನೋಡುವವರು ಊರಿನವರೇ ಅಲ್ವಾ? ಅವರು ದೂರ ನಿಂತು, ದನ ಮಕ್ಕಳನ್ನು ಹತ್ತಿರ ಬಿಡದೆ, ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡುತ್ತಾರೆ. ಎಲ್ಲಿ ಅಂತ ಕೇಳಿದರೆ 'ಶಾಲೆ ಹಿಂದಿನ ಗದ್ದೆ ಹತ್ತಿರ' ಅನ್ನುತ್ತಾರೆ. ಹೊಸದಾಗಿ ಬಂದ ಪವರ್‌ಮ್ಯಾನ್‌ಗೆ ಅದು ಯಾವ ಗದ್ದೆ ಅಂತ ಹೇಗೆ ಗೊತ್ತಾಗಬೇಕು? ಕಂಬದ ನಂಬರ್ ಹೇಳಿದರೆ ಹುಡುಕಾಟವೇ ಉಳಿಯುತ್ತದೆ. ಎಷ್ಟೋ ಕಂಬಗಳಲ್ಲಿ ಆ ನಂಬರಿನ ಬಣ್ಣ ಮಾಸಿಹೋಗಿದೆ. ಮೇ ತಿಂಗಳಲ್ಲಿ ಲೈನಿಗೆ ತಾಗುವ ಕೊಂಬೆ ಕಡಿಯುವ ಜಂಗಲ್ ಕಟಿಂಗ್‌ಗೆ ಹೋಗುವವರ ಕೈಗೆ ಒಂದು ಡಬ್ಬಿ ಬಣ್ಣ, ಒಂದು ಬ್ರಷ್ ಕೊಟ್ಟರೆ ಆಗುವ ಕೆಲಸ ಅದು.